ಎಂಜಿನ್ ಬಿಟ್ಟು ಮಿಕ್ಕಿದ್ದು

ಹಳೇ ಕಾರಿನ ಎಂಜಿನ್ ಬಿಚ್ಚಿ ಕೂತರೆ ಮನೆಯವರು ಯಾರೂ ಹತ್ತಿರ ಸುಳಿಯುವುದಿಲ್ಲ. ಕೈಗೆ ಗ್ರೀಸ್ ಹತ್ತುತ್ತದೆ, ಮೆಕ್ಯಾನಿಕ್ ಸಿಡುಕುತ್ತಾನೆ, ಕಾರ್ಬ್ಯುರೇಟರ್ ವಿಷಯದಲ್ಲಿ ಯಾರಿಗೂ ಅಭಿಪ್ರಾಯವಿಲ್ಲ. ಅದೇ ಸೀಟು, ಡೋರ್ ಪ್ಯಾಡು, ರೂಫ್ ಲೈನಿಂಗ್ ಕಿತ್ತು ಜಗಲಿಗೆ ತಂದಿಡಿ. ತೀರ್ಥಹಳ್ಳಿಯಿಂದ ಆಗುಂಬೆವರೆಗಿನ ನೆಂಟರಿಷ್ಟರೆಲ್ಲ ಪರಿಣತರಾಗಿಬಿಡುತ್ತಾರೆ. ಕೂರುವುದು ಎಲ್ಲರಿಗೂ ಗೊತ್ತಿರುವ ವಿದ್ಯೆ ನೋಡಿ.

ನಮ್ಮದು ಫಿಯೆಟ್ 1100 ಡಿ. ಇಟಲಿಯ ಗಾಡಿ, ಆದರೆ ತಯಾರಾದದ್ದು ಮುಂಬೈನ ಕುರ್ಲಾದಲ್ಲಿ. ಪ್ರೀಮಿಯರ್ ಕಂಪನಿಯವರು 1964ರಲ್ಲಿ ಶುರುಮಾಡಿದ ಮಾಡೆಲ್. ಅಡಿಕೆಗೆ ಒಳ್ಳೇ ಧಾರಣೆ ಬಂದ ಯಾವುದೋ ವರ್ಷ ಅಜ್ಜ ತಂದದ್ದು. ಮುಂದೆ ಇದೇ ಗಾಡಿ ಪದ್ಮಿನಿ ಎಂಬ ಹೆಸರಿಟ್ಟುಕೊಂಡು ಶತಮಾನದ ಕೊನೆವರೆಗೂ ಬಂತು. ಮುಂಬೈಯ ಟ್ಯಾಕ್ಸಿಗಳ ಪುಣ್ಯದಿಂದ 1089 ಸಿಸಿಯ ಆ ಎಂಜಿನ್ನಿಗೆ ಬೇಕಾದ ಸಾಮಾನು ಇವತ್ತಿಗೂ ಹುಡುಕಿದರೆ ಸಿಗುತ್ತದೆ. 2023ರ ಅಕ್ಟೋಬರಿನಲ್ಲಿ ಅಲ್ಲಿಯ ಕೊನೇ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಆದರೆ ಆ ಟ್ಯಾಕ್ಸಿಯವರು ಚಾವಣಿಗೆಲ್ಲ ಹೂಬಳ್ಳಿಯ ರೆಕ್ಸಿನ್ ಹೊಡೆಸಿ ಮೆರೆದವರು. ಬೀಡಿಂಗೆನ್ನುವ ಹಳೇ ಹೊಳಪಿನ ಪಟ್ಟಿ, ಹಳೇ ಡೋರ್ ಪ್ಯಾಡು ಜೋಪಾನವಾಗಿಡಲು ಅವರಿಗೇನು ಹುಚ್ಚೇ?

ಹಿಂದಿನ ಸೀಟು ಎತ್ತಿದೆವು. ಸ್ಪ್ರಿಂಗಿನ ಮೇಲೆ ಗೋಣಿ, ಗೋಣಿಯ ಮೇಲೆ ನಾರಿನ ಹಾಸು, ನಾರಿನೊಳಗೆ ಇಲಿಯ ಬಾಣಂತಿಕೋಣೆ. ಅರ್ಧ ತಿಂದ ಮದುವೆ ಕಾಗದ, ಚಾಲಿ ಅಡಿಕೆಯ ಚೂರು, ಅಂಚು ಡೊಂಕಾದ ಹತ್ತು ಪೈಸೆ. ಜೊತೆಗೆ ದೊಡ್ಡಮ್ಮನ ಒಂದು ಬೆಂಡೋಲೆ. ನಾನು ಹುಟ್ಟುವ ಮೊದಲೇ ಕಳೆದುಹೋಗಿದ್ದ ಆ ಓಲೆಯ ವಿಷಯದಲ್ಲಿ ದೊಡ್ಡಮ್ಮನಿಗೆ ಸಾಗರದ ಅತ್ತೆಯ ಮೇಲೆ ಅನುಮಾನವಿತ್ತಂತೆ. ಈ ಸುದ್ದಿ ಮಧ್ಯಾಹ್ನದೊಳಗೆ ಸಾಗರ ಮುಟ್ಟಿತು. ಸಂಜೆ ಅತ್ತೆಯ ಫೋನು. "ಈಗಲಾದರೂ ಅವಳ ಬಾಯಲ್ಲಿ ಒಂದು ಮಾತು ಬರ್ತದಾ ಕೇಳು!" ದೊಡ್ಡಮ್ಮ ಓಲೆಯನ್ನು ತೊಳೆದು ಸೆರಗಿಗೆ ಗಂಟು ಹಾಕಿಕೊಂಡರೇ ವಿನಾ ಫೋನಿಗೆ ಬರಲಿಲ್ಲ. ಸೀಟು ರಿಪೇರಿಯ ಖರ್ಚಿನ ಪಟ್ಟಿಯಲ್ಲಿ ಇಂಥದ್ದಕ್ಕೆ ಯಾರೂ ಕಾಲಂ ಇಡುವುದಿಲ್ಲ.

ಶಿವಮೊಗ್ಗದ ಕುಶನ್ ಅಂಗಡಿಯ ಭಾಯ್ ಒಳ್ಳೇ ಕೆಲಸಗಾರರು, ಆದರೆ ಉದಾರಿ. "ನಾರು ಯಾಕೆ ಸಾರ್, ಇನ್ನೋವಾ ಥರ ಮಾಡಿಕೊಡ್ತೀನಿ" ಅಂದರು. ಹಳೇ ಥರವೇ ಇರಲಿ, ಅಂಚಿಗೆ ಬಿಳಿ ಪೈಪಿಂಗ್ ಬರಲಿ ಅಂದೆ. ತಲೆ ಅಲ್ಲಾಡಿಸಿದರು. ಪೈಪಿಂಗ್ ಅಚ್ಚುಕಟ್ಟಾಗಿ ಬಂತು. ಒಳಗೆ ಮಾತ್ರ ಸೋಫಾದ ಫೋಮನ್ನು ಧಾರಾಳವಾಗಿ ತುಂಬಿದ್ದರು. ಸ್ಟೇರಿಂಗಿನಲ್ಲೇ ಗೇರು ಇರುವ ಗಾಡಿಯಾದ್ದರಿಂದ ಮುಂದೆಯೂ ಉದ್ದಕ್ಕೆ ಒಂದೇ ಸೀಟು, ಮೂವರು ಕೂರಬಹುದು. ಅಪ್ಪಯ್ಯ ಹತ್ತಿ ಕೂತರು. ತಲೆ ತಗಡಿಗೆ ತಾಗಿತು, ಸ್ಟೇರಿಂಗು ತೊಡೆ ಮೇಲೆ ಬಂದು ಕೂತಿತು, ಕ್ಲಚ್ ಕಾಲಿಗೆ ಎಟುಕಲಿಲ್ಲ.

"ಎಂತ ಮಾರಾಯ, ಇದು ಕಾರಾ, ಅಟ್ಟವಾ?"

ಸೀಟು ಮತ್ತೆ ಬಸ್ಸಿನ ತಲೆಯೇರಿ ಶಿವಮೊಗ್ಗಕ್ಕೆ ಹೋಯಿತು.

ಅಷ್ಟರಲ್ಲಿ ಪುನರ್ವಸು ಮಳೆ ಹಿಡಿಯಿತು. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಸುರಿಯುತ್ತದೆ, ಅದರ ಕೈಕೆಳಗಿನ ಊರು ನಮ್ಮದು. ಡೋರ್ ಪ್ಯಾಡಿನ ಹಾರ್ಡ್‌ಬೋರ್ಡ್ ಕರಿದ ಹಪ್ಪಳದ ಹಾಗೆ ಉಬ್ಬಿತ್ತು. ಕಾರಿನ ಬಾಗಿಲೊಳಗೆ ನೀರು ಬಂದೇ ಬರುತ್ತದೆ, ಗಾಜಿನ ಸಂದಿಯಲ್ಲಿ ಇಳಿದು ಬಾಗಿಲಡಿಯ ತೂತಿನಿಂದ ಹೊರಗೆ ಹೋಗಬೇಕು. ಆ ತೂತು ಕಟ್ಟಿಕೊಂಡು, ಪ್ಯಾಡಿನ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದರೆ ಬೋರ್ಡು ಮುಗಿದಂತೆ. ಅಡಿಕೆ ಗೊನೆಗೆ ಕೊಳೆ ಬಾರದಿರಲೆಂದು ಕಟ್ಟುವ ಪ್ಲಾಸ್ಟಿಕ್ ಕೊಟ್ಟೆಗಳನ್ನೇ ಬಿಡಿಸಿ ಹಿಂದೆ ಅಂಟಿಸಿದೆವು. ಇಡೀ ಕೆಲಸದಲ್ಲಿ ಮೊದಲ ಸಲಕ್ಕೇ ಸರಿಹೋದದ್ದು ಇದೊಂದೇ. ರೆಕ್ಸಿನ್ನಿಗೆ ಹಚ್ಚಿದ ಅಂಟು ಆ ಥಂಡಿಗೆ ಒಣಗುವ ಲಕ್ಷಣವೇ ಕಾಣಲಿಲ್ಲ. ಅಂಟಿನ ಡಬ್ಬಿಯ ಮೇಲೆ ಬೆಂಕಿಯ ಚಿತ್ರವಿದೆ, ಪ್ಯಾಡನ್ನು ಒಲೆಯ ಹತ್ತಿರ ಒಯ್ಯಬೇಡ ಅಂತ ಅಮ್ಮನಿಗೆ ನೂರು ಸಲ ಹೇಳಿದ್ದೆ. ಅಂತೂ ಇಂತೂ ಅಂಟು ಗಟ್ಟಿಯಾದ ಮೇಲೂ ಸುಮ್ಮನಿರದೆ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸಿಯೇಬಿಟ್ಟಳು. ಈಗ ಕಾರಿನ ಬಾಗಿಲು ತೆಗೆದವರೆಲ್ಲ "ನೀರು ಕಾದಿದೆಯಾ?" ಅನ್ನುತ್ತಾರೆ.

ಅಮ್ಮನ ಇನ್ನೊಂದು ಸೇವೆ ಬೀಡಿಂಗಿಗೆ ಸಂದಿತು. ಕ್ಲಿಪ್ಪುಗಳನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಪಟ್ಟಿ ಡೊಂಕಾಗುತ್ತದೆ ಎಂದು ನಾನು ಅಡುಗೆಮನೆಯಿಂದ ಮರದ ಸಟ್ಟುಗ ತಂದು ನಾಜೂಕಾಗಿ ಬಿಡಿಸಿಟ್ಟಿದ್ದೆ. ಸಟ್ಟುಗ ಹುಡುಕಿಕೊಂಡು ಬಂದ ಅಮ್ಮನ ಕಣ್ಣಿಗೆ ಪಟ್ಟಿಗಳು ಬಿದ್ದವು. ಹಬ್ಬದ ಹಿತ್ತಾಳೆ ಪಾತ್ರೆಗಳ ಜೊತೆ ಅವಕ್ಕೂ ಹುಣಸೆಹುಳಿ ಬಿತ್ತು, ಮೇಲೆ ಬೂದಿ, ತೆಂಗಿನ ಜುಂಗು. ಹುಳಿ ಹಿತ್ತಾಳೆಯ ಕಿಲುಬು ತೆಗೆಯುತ್ತದೆ, ಸರಿ. ಅಲ್ಯೂಮಿನಿಯಂ ಪಟ್ಟಿಯ ಹೊಳಪಿಗೆ ಆ ಉಪಚಾರ ಆಗಿಬರುವುದಿಲ್ಲ. "ಎಷ್ಟು ಬೆಳ್ಳಗಾಯ್ತು ನೋಡಾ!" ಅಂದಳು. ಬೆಳ್ಳಗೇನೋ ಆಗಿತ್ತು. ಮುಖ ಕಾಣುತ್ತಿದ್ದ ಪಟ್ಟಿಯಲ್ಲಿ ಈಗ ಬೆಳಕೂ ಕಾಣುವುದಿಲ್ಲ.

ಉಳಿದದ್ದು ರೂಫ್ ಲೈನಿಂಗ್. ಈ ಗಾಡಿಯಲ್ಲಿ ಅದು ಚಾವಣಿಗೆ ಅಂಟಿಸಿದ ಬಟ್ಟೆಯಲ್ಲ. ಬಟ್ಟೆಯ ಹಿಂಬದಿಗೆ ಅಡ್ಡಲಾಗಿ ಪಟ್ಟಿ ಹೊಲಿದು, ಅದರೊಳಗೆ ಬಾಗಿದ ಉಕ್ಕಿನ ಸರಳು ತೂರಿಸಿ, ಸರಳಿನ ಎರಡು ತುದಿಯನ್ನೂ ಚಾವಣಿಯ ಅಂಚಿಗೆ ಸಿಕ್ಕಿಸಿ ಎಳೆದು ಕೂರಿಸುತ್ತಾರೆ. ಒಂದೊಂದು ಸರಳಿಗೆ ಒಂದೊಂದು ಬಾಗು. ಅದಲುಬದಲಾದರೆ ನೆರಿಗೆ ಬಿದ್ದೇ ಬೀಳುತ್ತದೆ. ಅದಕ್ಕೇ ಪ್ರತಿಯೊಂದಕ್ಕೂ ನಂಬರಿನ ಚೀಟಿ ಕಟ್ಟಿ ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದೆ.

ಸೀಟಿನ ಋಣ ತೀರಿಸಲೋ ಎಂಬಂತೆ ಭಾಯ್ ಫಿಟ್ಟಿಂಗಿಗೆ ಮನೆಗೇ ಬಂದರು. ನೋಡಿದರೆ ಮೂರನೇ ನಂಬರಿನ ಸರಳು ಇಲ್ಲ. ಕೊಟ್ಟಿಗೆ, ಜಗಲಿ, ಅಟ್ಟ ಎಲ್ಲ ಜಾಲಾಡಿದೆವು. ಹಿತ್ತಲಲ್ಲಿ ಸಿಕ್ಕಿತು, ಮುಳ್ಳುಸೌತೆ ಚಪ್ಪರದ ನಡುವೆ, ಬಳ್ಳಿ ಸುತ್ತಿಸಿಕೊಂಡು. ಚೀಟಿ ಇನ್ನೂ ನೇತಾಡುತ್ತಿತ್ತು. ಪಕ್ಕದಲ್ಲಿ ಎಳೇ ಕಾಯಿ.

"ಅಪ್ಪಯ್ಯ, ಇದು ಕಾರಿಂದು!"

"ಗೊತ್ತು. ಸರೀ ಬಾಗಿತ್ತು ಅಂತಲೇ ತಂದದ್ದು. ಈಗ ಎಳೆದರೆ ಬಳ್ಳಿ ಹೋಗ್ತದೆ, ಚೌತಿ ಕಳೀಲಿ."

ಭಾಯ್ ಒಮ್ಮೆ ಸರಳನ್ನು ನೋಡಿದರು, ಒಮ್ಮೆ ಅಪ್ಪಯ್ಯನನ್ನು ನೋಡಿದರು. ಅಪ್ಪಯ್ಯ ಕೊಯ್ದು ಕೊಟ್ಟ ಎರಡು ಸೌತೆಕಾಯಿ ಚೀಲಕ್ಕೆ ಹಾಕಿಕೊಂಡು, "ಚೌತಿ ಆದ್ಮೇಲೆ ಫೋನ್ ಮಾಡಿ ಸಾರ್" ಅಂತ ಬೈಕು ಹತ್ತಿದರು.