ಬೆಲೆ ಕಟ್ಟಲಾಗದ ಮೇಷ್ಟ್ರು

ಮೊನ್ನೆ ನನಗೆ ಸನ್ಮಾನ ಆಯ್ತು. ಒಂದು ಸರ್ಟಿಫಿಕೇಟು, ಅದರಲ್ಲಿ ನನ್ನ ಹೆಸರು ತಪ್ಪು. "ಪುಟಾಣಿ ಮಕ್ಕಳಿಗೆ ಚಿತ್ರಕಲೆ, ಆಟ ಎರಡನ್ನೂ ಕಲಿಸುವ ಇವರ ಸೇವೆಗೆ ಬೆಲೆ ಕಟ್ಟಲು ಸಾಧ್ಯವಿಲ್ಲ" ಅಂತ ಮೈಕಿನಲ್ಲಿ ಹೇಳಿದರು. ನಿಜ, ಕಟ್ಟಿಲ್ಲ. ಸಂಬಳದ ಸ್ಲಿಪ್ ನೋಡಿದರೆ ಪ್ರಯತ್ನ ಕೂಡ ಮಾಡಿಲ್ಲ ಅಂತ ಗೊತ್ತಾಗುತ್ತದೆ.

ಎರಡಕ್ಕೂ ಒಬ್ಬನೇ ಯಾಕೆ ಅಂತ ಸೇರುವಾಗಲೇ ಕೇಳಿದ್ದೆ. "ಎರಡರಲ್ಲೂ ಗೆರೆ ಎಳೆಯೋದೇ ತಾನೇ ಸರ್" ಎಂದರು. ಕಾಗದದ ಮೇಲೆ ಎಳೆದರೆ ಡ್ರಾಯಿಂಗು, ಮೈದಾನದಲ್ಲಿ ಸುಣ್ಣದ ಪುಡಿ ಹಿಡಿದು ಎಳೆದರೆ ಪಿಟಿ. ಹಾಗಾಗಿ ನನ್ನ ಒಂದು ಜೇಬಿನಲ್ಲಿ ಕ್ರೆಯಾನು, ಇನ್ನೊಂದರಲ್ಲಿ ಸೀಟಿ. ಗಡಿಬಿಡಿಯಲ್ಲಿ ಕ್ರೆಯಾನನ್ನೇ ಬಾಯಿಗಿಟ್ಟು ಊದಿದ್ದೂ ಇದೆ. ಮಕ್ಕಳ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 1989ರಲ್ಲಿ ಮಾಡಿದ ಒಡಂಬಡಿಕೆಯಲ್ಲೂ ಆಟ ಮತ್ತು ಕಲೆ ಎರಡನ್ನೂ 31ನೇ ವಿಧಿಯೊಂದರಲ್ಲೇ ಸೇರಿಸಿದ್ದಾರೆ. ಅಲ್ಲೂ ಒಬ್ಬನೇ ಮೇಷ್ಟ್ರು ಇದ್ದನೋ ಏನೋ.

ಈ ಎರಡರ ನಂಟು ಹಳೆಯದು ಬಿಡಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಿಂದ 1948ರ ಲಂಡನ್ ಒಲಿಂಪಿಕ್ಸ್‌ವರೆಗೆ ಚಿತ್ರ, ಶಿಲ್ಪ, ಸಾಹಿತ್ಯ, ಸಂಗೀತ, ವಾಸ್ತುಶಿಲ್ಪಕ್ಕೂ ಪದಕ ಕೊಡುತ್ತಿದ್ದರು. ಮೊದಲನೇ ಸಲ ಸಾಹಿತ್ಯದ ಚಿನ್ನ ಹೊಡೆದದ್ದು ಯಾರು ಗೊತ್ತಾ? ಒಲಿಂಪಿಕ್ಸ್ ಶುರು ಮಾಡಿದ ಕೂಬರ್ತೆ ಸಾಹೇಬರೇ, ಸುಳ್ಳು ಹೆಸರಲ್ಲಿ! ಹಂಗೇರಿಯ ಆಲ್ಫ್ರೆಡ್ ಹಾಯೋಶ್ 1896ರಲ್ಲಿ ಈಜಿ ಎರಡು ಸಲ ಗೆದ್ದ, 1924ರಲ್ಲಿ ಕ್ರೀಡಾಂಗಣದ ನಕ್ಷೆ ಬರೆದು ಬೆಳ್ಳಿ ತಗೊಂಡ. 1948 ಆದಮೇಲೆ ಈ ಕಲಾ ಸ್ಪರ್ಧೆ ನಿಂತಿತು. ಕಾರಣ ಕೇಳಿದರೆ ನನಗೆ ಇವತ್ತಿಗೂ ಹೊಟ್ಟೆ ಹಿಡಿದುಕೊಂಡು ನಗು ಬರುತ್ತದೆ. ಆಗ ಒಲಿಂಪಿಕ್ಸ್ ಹವ್ಯಾಸಿಗಳಿಗೆ ಮಾತ್ರ, ಕಲಾವಿದರೋ ಕಲೆಯಿಂದ ದುಡ್ಡು ಮಾಡುವವರು, ಅದಕ್ಕೇ ಅವರು ಬೇಡ. ದುಡ್ಡು ಮಾಡ್ತಾರಂತೆ! ನನ್ನ ಸ್ಲಿಪ್ ತೋರಿಸಿದ್ದರೆ ಇವತ್ತೂ ಒಳಗೆ ಬಿಡುತ್ತಿದ್ದರು.

ಇರಲಿ, ನಮಗೆ ಸಿಗುವ ಪ್ರತಿಫಲ ಆತ್ಮತೃಪ್ತಿ. ಇದನ್ನು ಹೇಳುವವರೆಲ್ಲ ಬೇರೆ ಸಬ್ಜೆಕ್ಟಿನವರು. ತೃಪ್ತಿ ಜಾಸ್ತಿ ಆಗಿ ನಾವು ಸೊಕ್ಕಬಾರದು ಅಂತ ಪಿರಿಯಡ್ ಕೊಡುವುದು ವಾರಕ್ಕೆ ಎರಡು. ಅದರಲ್ಲಿ ಒಂದು ಪೋರ್ಷನ್ ಮುಗಿಯದವರ ಪಾಲು. ಮಳೆ ಬಂದರೆ ಪಿಟಿ ಇಲ್ಲ, ಬಿಸಿಲಿದ್ದರೆ ಮಕ್ಕಳು ಸುಸ್ತಾಗ್ತಾರೆ, ಪೋಷಕರು ಬರುವ ದಿನ ಮೈದಾನ ಪಾರ್ಕಿಂಗಿಗೆ. ಯಾವ ಟೀಚರ್ ರಜೆ ಹಾಕಿದರೂ ಆ ಕ್ಲಾಸಿಗೆ ನಾನೇ. ವಾರ್ಷಿಕೋತ್ಸವದ ವಾರ ಮಾತ್ರ ನಾನು ದೊಡ್ಡ ಮನುಷ್ಯ, ಥರ್ಮಾಕೋಲ್ ಕೊಯ್ಯುವುದಕ್ಕೆ ಇನ್ಯಾರಿದ್ದಾರೆ.

5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಓಡಾಡಿ ಆಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಿನಕ್ಕೆ, ಸ್ವಾಮಿ. ವಾರಕ್ಕಲ್ಲ. ಏಳು ವರ್ಷದ ಮಗುವನ್ನು ಬೆಳಗಿನಿಂದ ಸಂಜೆವರೆಗೆ ಬೆಂಚಿಗೆ ಅಂಟಿಸಿ ಕೂರಿಸಿ, ಕದಲಿದರೆ ಬೈದು, ಕೊನೆಗೆ ಈ ಮಗುವಿಗೆ ಗಮನವೇ ಇಲ್ಲ ಅಂತ ಡೈರಿಯಲ್ಲಿ ಬರೆದು ಕಳಿಸುತ್ತೇವೆ. ನಾಚಿಕೆ ಆಗಬೇಕು ನಮಗೆ. ನನ್ನನ್ನೂ ಸೇರಿಸಿಯೇ ಹೇಳ್ತಿದ್ದೇನೆ, ಪಿರಿಯಡ್ ಕೇಳಿದಾಗ ಸುಮ್ನೆ ಕೊಟ್ಟವನು ನಾನೇ ಅಲ್ವಾ.

ಹೋದ ವಾರ ಎರಡನೇ ಕ್ಲಾಸಿನ ಒಬ್ಬ ಹುಡುಗ ತನ್ನದೇ ಚಿತ್ರ ಬರೆದ. ನೀಲಿ ಚಡ್ಡಿ, ಕೆಳಗೆ ಎಂಟು ಕಾಲು. ಒಂದೊಂದಕ್ಕೂ ಬೂಟು, ಒಂದು ಬೂಟಿನ ಲೇಸು ಮಾತ್ರ ಬಿಚ್ಚಿದೆ.

"ಇದೇನೋ ಎಂಟು ಕಾಲು?"

"ಓಡ್ತಾ ಇದೀನಲ್ಲ ಸರ್!"

ಇಟಲಿಯ ಜಾಕೊಮೊ ಬಾಲ್ಲಾ ಎಂಬ ಚಿತ್ರಕಾರ 1912ರಲ್ಲಿ ಹೀಗೇ ಹೆಜ್ಜೆ ಹಾಕುವ ನಾಯಿಗೆ ಲೆಕ್ಕವಿಲ್ಲದಷ್ಟು ಕಾಲು ಬರೆದು ಹೆಸರು ಮಾಡಿದ. ನಮ್ಮ ಹುಡುಗ ಅದನ್ನು ನೋಡಿಲ್ಲ. ಲೇಸು ಬಾಲ್ಲಾನಿಗೂ ಹೊಳೆದಿರಲಿಲ್ಲ. ನಾನು ಹಾಳೆ ಹಿಡಿದುಕೊಂಡು ನಿಂತೇ ಇದ್ದೆ, ಬಾಗಿಲಲ್ಲಿ ಗಣಿತದ ಮೇಡಂ ಕಾಣಿಸಿದರು. ಚಿತ್ರವನ್ನು ಒಮ್ಮೆ ನೋಡಿದರು.

"ನೋಡಿ ಸರ್, ಕಾಲು ಎಣಿಸೋಕೂ ಬರಲ್ಲ ಇವನಿಗೆ. ಇವತ್ತಿನ ಪಿರಿಯಡ್ ನನಗೆ ಕೊಟ್ಬಿಡಿ."