ದೊಡ್ಡ ಪ್ರಾಣಿಗೆ ಸಪೂರ ಗುಂಡು ಸಾಕಾ? ಭಾವಂದಿರ ಪರ-ವಿರೋಧ

ಪರ: ಧಾರಾಳ ಸಾಕು (ಮಂಗಳೂರಿನಿಂದ)

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಕಾಟಿ (ಕಾಡುಕೋಣ), ಕಡವೆ ಹೊಡೆಯುವ ಮಾತಲ್ಲ. 1972ರ ವನ್ಯಜೀವಿ ಕಾಯ್ದೆ ಇದೆ, ಹೊಡೆದವ ಜೈಲಿಗೆ ಹೋಗಬೇಕು, ಹೋಗಲಿ. ನಾನು ಹೇಳುತ್ತಿರುವುದು ಬೇಟೆಗೆ ಲೈಸೆನ್ಸ್ ಕೊಡುವ ದೇಶಗಳ ಮತ್ತು ಹಳೇ ಕಾಲದ ವಿಷಯ. ಆದರೂ ಹೆಬ್ರಿಯಿಂದ ಭಾವ ಬಂದರೆಂದರೆ ನಮ್ಮ ಚಾವಡಿಯಲ್ಲಿ ಇದೇ ಚರ್ಚೆ. ಚಾ ತಣ್ಣಗಾದರೂ ಮುಗಿಯುವುದಿಲ್ಲ.

ಭಾವ ಹೇಳುವುದು, ಪ್ರಾಣಿ ದೊಡ್ಡದಾದರೆ ಕೋವಿಯೂ ದೊಡ್ಡದಾಗಬೇಕು ಅಂತ. ನಾನು ಕೇಳುವುದು ಇಷ್ಟೇ: ಗುಂಡು ಬಿದ್ದದ್ದು ಎಲ್ಲಿಗೆ? ಶ್ವಾಸಕೋಶಕ್ಕೆ ಸರಿಯಾಗಿ ಹೊಕ್ಕ 9 ಗ್ರಾಂ ಗುಂಡು ಕೊಲ್ಲುತ್ತದೆ. ಹೊಟ್ಟೆಗೆ ಬಿದ್ದ 32 ಗ್ರಾಂ ಗುಂಡು ಪ್ರಾಣಿಯನ್ನು ನರಳಿಸುತ್ತದೆ, ಅಷ್ಟೆ.

ಡಬ್ಲ್ಯೂ.ಡಿ.ಎಂ. ಬೆಲ್ ಎಂಬ ಸ್ಕಾಟ್ಲೆಂಡಿನವ ಆಫ್ರಿಕಾದಲ್ಲಿ ಸಾವಿರಕ್ಕೂ ಜಾಸ್ತಿ ಆನೆ ಹೊಡೆದ. ಅದರಲ್ಲಿ ಹೆಚ್ಚಿನವನ್ನು ಹೊಡೆದದ್ದು ಸಪೂರ ಗುಂಡಿನ ಕೋವಿಯಾದ 7 ಮಿ.ಮೀ. ಮೌಸರ್‌ನಲ್ಲಿ. ಮಿದುಳು ಎಲ್ಲಿದೆ, ಯಾವ ಕೋನದಿಂದ ಹೊಡೆದರೆ ಸಿಗುತ್ತದೆ ಅಂತ ಆನೆಯ ಬುರುಡೆಯನ್ನೇ ಗರಗಸದಲ್ಲಿ ಸೀಳಿ ನೋಡಿದ್ದ. ಅವನು ಮಾಡಿದ್ದು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ, ದಂತಕ್ಕಾಗಿ ಮಾಡಿದ ಮಾರಣಹೋಮ ಅದು. ಆದರೆ ಗುಂಡಿನ ಲೆಕ್ಕ ಸುಳ್ಳಲ್ಲ, ಅಲ್ವಾ? ಸಪೂರ, ಉದ್ದ ಗುಂಡು ಆಳಕ್ಕೆ ಇಳಿಯುತ್ತದೆ. ಗುಂಡಿನ ದಪ್ಪಕ್ಕೆ ಅದರ ತೂಕ ಎಷ್ಟು ಅಂತ ಅಳೆಯುವ ಒಂದು ಅಂಕಿ ಇದೆ. 7 ಮಿ.ಮೀ.ನ 175 ಗ್ರೇನ್ (ಒಂದು ಗ್ರಾಂಗೆ ಸುಮಾರು 15 ಗ್ರೇನ್) ಗುಂಡಿಗೆ ಅದು 0.310, .375ರ (ಅಂದರೆ ದಪ್ಪ 0.375 ಇಂಚಿನ) 300 ಗ್ರೇನ್ ಗುಂಡಿಗೆ 0.305. ಎಲ್ಲಿದೆ ವ್ಯತ್ಯಾಸ?

ಇನ್ನು ಒದೆತ, ಅಂದರೆ ಗುಂಡು ಹಾರಿದಾಗ ಕೋವಿ ಭುಜಕ್ಕೆ ಗುದ್ದುವುದು. .375 ಹೆಚ್ ಆಂಡ್ ಹೆಚ್ ಕೋವಿ .30-06ಕ್ಕಿಂತ ಹೆಚ್ಚುಕಡಿಮೆ ಎರಡು ಪಾಲು ಒದೆಯುತ್ತದೆ, .458 ಮೂರು ಪಾಲು. ದೊಡ್ಡ ಕೋವಿ ಹಿಡಿದವನಿಗೆ ಹೇಳದೆ ತೋಟೆಗಳ ನಡುವೆ ಒಂದು ಖಾಲಿ ತೋಟೆ ಸೇರಿಸಿ ನೋಡಿ. ಕುದುರೆ ಎಳೆದಾಗ ಟಿಕ್ ಅಂತ ಮಾತ್ರ ಸದ್ದು. ಆದರೆ ಅಷ್ಟರಲ್ಲಿ ಒದೆತದ ಹೆದರಿಕೆಗೇ ನಳಿಗೆಯ ತುದಿ ಕೆಳಗೆ ಕುಕ್ಕಿರುತ್ತದೆ, ಭುಜ ಮುಂದೆ ಬಂದಿರುತ್ತದೆ, ಕಣ್ಣು ಗಟ್ಟಿ ಮುಚ್ಚಿರುತ್ತದೆ. ಸುತ್ತ ನಿಂತವರು ನಗುತ್ತಾರೆ, ಅವನು ಮಾತ್ರ ತೋಟೆಯೇ ಸರಿ ಇಲ್ಲ ಅಂತ ಬೈಯುತ್ತಾನೆ. ಇವನ ಗುಂಡು ಪ್ರಾಣಿಯ ಹೃದಯಕ್ಕೆ ಹೋಗುವುದು ಹೇಗೆ ಮಾರಾಯ್ರೆ?

ಸ್ವೀಡನ್‌ನವರು ಕುದುರೆಯಷ್ಟು ಎತ್ತರದ, ಜಿಂಕೆ ಜಾತಿಯ ಮೂಸ್‌ಗೆ 6.5 ಮಿ.ಮೀ. ಕೋವಿ ಬಳಸುತ್ತಾರೆ. 1894ರ ತೋಟೆ ಅದು. ಇವತ್ತಿಗೂ ಮಾಂಸ ಮನೆಗೆ ಬರುತ್ತಿದೆ.

ವಿರೋಧ: ಸಾಲದು (ಹೆಬ್ರಿಯಿಂದ)

ಭಾವ, ಬೆಲ್‌ನ ಕತೆ ಇನ್ನೆಷ್ಟು ಸಲ ಹೇಳುತ್ತೀರಿ? ಅವನು ಹೊಡೆದದ್ದು ಪೂರ್ತಿ ಲೋಹದ ಕವಚ ಇರುವ, ಹಿಗ್ಗದ ಗುಂಡು. ಅವನ ಕಸುಬೇ ಅದು. ಸರಿಯಾದ ಕೋನ ಸಿಗದಿದ್ದರೆ ನಾಳೆ ಬರುತ್ತೇನೆ ಅಂತ ಬಿಟ್ಟು ಹೋಗಬಹುದಿತ್ತು. ಒಂದು ವಾರ ರಜೆ ಹಾಕಿ, ಲಕ್ಷಗಟ್ಟಲೆ ಕಟ್ಟಿ ಆಫ್ರಿಕಾಕ್ಕೆ ಹೋದವನು ಹಾಗೆ ಬಿಡುತ್ತಾನಾ? ನೀವು ಹೇಳಿದ 0.310, 0.305 ಕೂಡ ಗುಂಡು ಚಪ್ಪಟೆಯಾಗದೆ ನೆಟ್ಟಗೆ ಹೋದರೆ ಮಾತ್ರ ನಿಜ. ಎಲುಬಿಗೆ ಬಡಿದು ಹಿಗ್ಗಿತೋ, ಆ ಲೆಕ್ಕ ಅಲ್ಲಿಗೇ ಮುಗಿಯಿತು.

ಜಿಮ್ ಕಾರ್ಬೆಟ್ .275 ರಿಗ್ಬಿ (ಅದೂ 7 ಮಿ.ಮೀ. ಗುಂಡೇ) ಹಿಡಿದಿದ್ದರು ಅಂತ ಮುಂದಿನ ಸಲ ಹೇಳುತ್ತೀರಿ, ಗೊತ್ತು. ಹುಲಿಯ ಚರ್ಮ ತೆಳು, ತೂಕ ಇನ್ನೂರು ಕಿಲೋ ಚಿಲ್ಲರೆ. ಅಷ್ಟಿದ್ದೂ ಅವರ ಹತ್ತಿರ ದಪ್ಪ ಗುಂಡಿನ .450/400ರ ಜೋಡಿ ನಳಿಗೆಯ ಕೋವಿಯೂ ಇತ್ತು, ಅದನ್ನು ಯಾರೂ ಹೇಳುವುದಿಲ್ಲ. ನಮ್ಮ ರಾಜ್ಯದಲ್ಲೇ ಇದ್ದ ಬೇಟೆಗಾರ ಕೆನೆತ್ ಆಂಡರ್ಸನ್ ಹಿಡಿದದ್ದು .405 ವಿಂಚೆಸ್ಟರ್.

ಆಗುಂಬೆ ಘಾಟಿಯ ಬುಡದಲ್ಲಿ, ಸೋಮೇಶ್ವರದ ಕಾಡಿನಲ್ಲಿ ಕಾಟಿ ನೋಡಿದವರನ್ನು ಕೇಳಿ. ಗಂಡು ಕಾಟಿ ಸಾವಿರ ಕಿಲೋದವರೆಗೂ ಬೆಳೆಯುತ್ತದೆ. ರಸ್ತೆ ಬದಿಯಲ್ಲಿ ಅದು ತಿರುಗಿ ನಿಂತರೆ ಎದುರಿಗೆ ಕಾಣುವುದು ಹಣೆ, ಕೊಂಬು ಮತ್ತು ಗೋಡೆಯ ಹಾಗಿರುವ ಹೆಗಲು. ಶ್ವಾಸಕೋಶ ಎಲ್ಲಿ ಕಾಣುತ್ತದೆ? ಪುಸ್ತಕದ ಚಿತ್ರದ ಹಾಗೆ ಅಡ್ಡಕ್ಕೆ ನಿಂತು ಕೊಡಲು ಪ್ರಾಣಿಗೆ ಏನು ದರ್ದು! ಓರೆಯಾಗಿ ನಿಂತಾಗ ಹೆಗಲಿನ ಎಲುಬು ಮುರಿದು ಒಳಗೆ ಹೋಗುವ ಗುಂಡು ಬೇಕು. ಆಫ್ರಿಕಾದ ಕಾಡೆಮ್ಮೆಗೂ ಇದೇ ಮಾತು. ಅಲ್ಲಿನ ಹಲವು ದೇಶಗಳು .375ಕ್ಕಿಂತ ಕಡಿಮೆ ಕೋವಿಯಲ್ಲಿ ಕಾಡೆಮ್ಮೆ, ಆನೆ ಹೊಡೆಯಬಾರದು ಅಂತ ಕಾನೂನು ಮಾಡಿರುವುದು ಸುಮ್ನೆ ಅಲ್ಲ.

ಒದೆತದ ಮಾತು ನಾನು ಅಲ್ಲಗಳೆಯುವುದಿಲ್ಲ. ಹಗುರದ ಮ್ಯಾಗ್ನಮ್ (ಜೋರು ತೋಟೆಯ) ಕೋವಿಯ ದುರ್ಬೀನು ಬಡಿದು ಹುಬ್ಬು ಸೀಳಿಕೊಂಡವರು ಇದ್ದಾರೆ. ಅದಕ್ಕೆ ಮದ್ದೂ ಇದೆ. ಕೋವಿ ನಾಲ್ಕೂವರೆ ಕಿಲೋ ಇರಲಿ, ಭುಜಕ್ಕೆ ತಾಗುವ ಹಿಂಬದಿಗೆ ರಬ್ಬರ್ ಇರಲಿ, ಮೇಜಿನ ಮೇಲೆ ಬಾಗಿ ಹೊಡೆಯುವ ಬದಲು ನಿಂತು ಹೊಡೆಯಲಿ, ಅಭ್ಯಾಸವೆಲ್ಲ ಪುಟ್ಟ ಗುಂಡಿನ .22ರಲ್ಲಿ ಮಾಡಲಿ. ಜಿಂಕೆಗೆ .300 ಮ್ಯಾಗ್ನಮ್ ಹೊತ್ತು ತಿರುಗುವುದು ಬರೀ ಪೋಸು, ಒಪ್ಪಿದೆ. ಮೂಸ್‌ಗೆ 6.5 ಕೂಡ ಒಪ್ಪಿದೆ. ಅದು ಗುಂಡು ತಿಂದು ನೂರು ಮೀಟರ್ ಓಡಿ ಬಿದ್ದರೆ ಯಾರಿಗೇನು ನಷ್ಟ?

ಕಾಡೆಮ್ಮೆ ಹಾಗಲ್ಲ. ಗಾಯ ಆದದ್ದು ಪೊದೆಯಲ್ಲಿ ಕಾದು ನಿಲ್ಲುತ್ತದೆ, ಹದಿನೈದು ಮೀಟರ್‌ನಿಂದ ನುಗ್ಗುತ್ತದೆ. ನಿಮ್ಮ ಸಪೂರ ಗುಂಡಿಗೆ ಅದು ಸಾಯುತ್ತದೆ, ಆದರೆ ನೀವು ಸತ್ತ ಮೇಲೆ. ಅಜ್ಜನ ಕಾಲದಲ್ಲಿ ನಮ್ಮ ತೋಟಕ್ಕೆ ನುಗ್ಗಿದ ಹಂದಿಗೆ ಯಾರೋ ಸಣ್ಣ ಚರೆ ಹೊಡೆದು, ಅದು ಕುರುಚಲಿನಿಂದ ತಿರುಗಿ ಬಂದು ನಾಯಿಯ ಹೊಟ್ಟೆ ಬಗೆದದ್ದನ್ನು ಮನೆಯಲ್ಲಿ ಈಗಲೂ ಹೇಳುತ್ತಾರೆ. ಅದು ಬರೀ ಹಂದಿ. (ಈಗ ನನ್ನ ಹತ್ತಿರ ಇರುವುದು ಬೆಳೆ ರಕ್ಷಣೆಯ ಕೋವಿ. ಚುನಾವಣೆ ಬಂತೆಂದರೆ ಅದನ್ನೂ ಠಾಣೆಗೆ ಒಪ್ಪಿಸಿ ಬರಬೇಕು.)

ಮತ್ತೆ, ಗಾಯಗೊಂಡ ಕಾಡೆಮ್ಮೆಯ ಹಿಂದೆ ಪೊದೆಗೆ ಮೊದಲು ಹೋಗುವವನು ದುಡ್ಡು ಕೊಟ್ಟ ಬೇಟೆಗಾರ ಅಲ್ಲ. ಹೆಜ್ಜೆ ಹುಡುಕುವ ಸಂಬಳದ ಆಳು. ಸಾಹೇಬ ಯಾವ ಕೋವಿ ತರಬೇಕು ಅಂತ ಅವನನ್ನು ಕೇಳಿದರೆ ಏನು ಹೇಳಿಯಾನು, ನೀವೇ ಹೇಳಿ ಭಾವ.