ಕಾಡಿನ ನಿಯಮ ಫಲಿಸಿತೇ ಎಂದು ಅಳೆಯಲೂ ಹಣ ಇಡಿ

ಕಾಡಿಗೆ ಒಂದು ನಿಯಮ ಮಾಡಿದ ಮೇಲೆ ಕಾಡು ಸುಧಾರಿಸಿತೇ, ಹದಗೆಟ್ಟಿತೇ ಎಂದು ಹತ್ತಿಪ್ಪತ್ತು ವರ್ಷ ಪಟ್ಟು ಹಿಡಿದು ಅಳೆಯಬೇಕು. ಆ ಕೆಲಸಕ್ಕೆ ಸರ್ಕಾರವೇ ಖಾತ್ರಿಯಾದ ಹಣ ಕೊಡಬೇಕು. ಬಹಳ ದಿನಗಳಿಂದ ನನ್ನ ಮನಸ್ಸಿನಲ್ಲಿರುವ ಮಾತಿದು. ಹೀಗೆ ಅನ್ನಿಸಲು ಕಾರಣ ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ.

ಆ ಬೆಟ್ಟದಲ್ಲಿ ಸೋಲಿಗರು ತಲೆಮಾರುಗಳಿಂದ 'ತರಗು ಬೆಂಕಿ' ಹಾಕುತ್ತಿದ್ದರು. ಬೇಸಿಗೆ ಬಲಿಯುವ ಮೊದಲೇ, ಉದುರಿದ ಎಲೆ ಮತ್ತು ಒಣಹುಲ್ಲು ಮಾತ್ರ ಸುಡುವಂಥ ತಗ್ಗಿನ ಬೆಂಕಿ ಅದು. 1974ರಲ್ಲಿ ಬೆಟ್ಟ ವನ್ಯಜೀವಿಧಾಮವಾಯಿತು. ವನ್ಯಜೀವಿಧಾಮದೊಳಗೆ ಬೆಂಕಿ ಹಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ತರಗು ಬೆಂಕಿ ನಿಂತಿತು. 2006ರ ಹೊತ್ತಿಗೆ ನೆಲ್ಲಿಕಾಯಿ, ಜೇನು, ಪಾಚಿಯನ್ನು ಮಾರಾಟಕ್ಕಾಗಿ ತರುವುದನ್ನೂ ನಿಲ್ಲಿಸಲಾಯಿತು. ಸೋಲಿಗರ ಊರುಗಳಾದ ಪೋಡುಗಳ ವರಮಾನಕ್ಕೆ ದೊಡ್ಡ ಹೊಡೆತ ಬಿತ್ತು. ಎರಡೂ ನಿಯಮಗಳ ಉದ್ದೇಶ ಕಾಡನ್ನು ಉಳಿಸುವುದೇ ಆಗಿತ್ತು. ಅದರ ಬಗ್ಗೆ ನನಗೆ ಅನುಮಾನವಿಲ್ಲ.

ಆದರೆ ಕಾಡು ಏನಾಯಿತು? ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು 1997ರಲ್ಲಿ ಗುರುತು ಹಾಕಿದ್ದ ಜಾಗಗಳನ್ನು 2008ರಲ್ಲಿ ಮತ್ತೆ ಅಳೆದರು. ಅಷ್ಟರಲ್ಲಿ ಲಂಟಾನ ಎಂಬ ಹೊರದೇಶದ ಕಳೆಪೊದೆ ಹರಡಿದ್ದ ಜಾಗಗಳು ಸುಮಾರು ಎರಡು ಪಟ್ಟಾಗಿದ್ದವು. ಆಳೆತ್ತರದ ಪೊದೆಗಳ ಅಡಿಯಲ್ಲಿ ಮರಗಳ ಸಸಿಗಳು ಮೇಲೇಳುವುದು ಕಷ್ಟ. ಜಿಂಕೆ, ಕಾಟಿಗಳಿಗೆ ಬೇಕಾದ ಹುಲ್ಲೂ ಬೆಳೆಯುವುದಿಲ್ಲ. ತರಗು ಬೆಂಕಿ ನಿಂತದ್ದೇ ಲಂಟಾನ ಹಬ್ಬಲು ಕಾರಣ, ನೆಲ್ಲಿ ಮರಗಳನ್ನು ಹೀರುವ ಬಂದಳಿಕೆ ಹೆಚ್ಚಲೂ ಅದೇ ಕಾರಣ ಎಂದು ಸೋಲಿಗ ಹಿರಿಯರು ಹೇಳುತ್ತಲೇ ಬಂದಿದ್ದರು. ನೆಲ್ಲಿ ಮರಗಳ ಮೇಲೆ ವರ್ಷಗಟ್ಟಲೆ ನಡೆದ ಅಧ್ಯಯನದಲ್ಲೂ ಕಾಯಿ ಕೊಯ್ಯುವುದಕ್ಕಿಂತ ಬಂದಳಿಕೆ ಮತ್ತು ಲಂಟಾನಗಳೇ ದೊಡ್ಡ ತೊಂದರೆಯಾಗಿ ಕಂಡವು. ಅಂದರೆ ನಾವು ಕೊಯ್ಯುವವರನ್ನು ತಡೆದೆವು, ಮರಕ್ಕೆ ಆಗುತ್ತಿದ್ದ ಹಾನಿ ಬೇರೆ ಕಡೆಯಿಂದ ಬರುತ್ತಿತ್ತು.

ಬೆಂಕಿ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ವಾದಿಸುತ್ತಿಲ್ಲ. ಲಂಟಾನ ದಟ್ಟವಾಗಿ ಬೆಳೆದ ಮೇಲೆ ಅದೇ ಬೆಂಕಿ ಮರದ ತುದಿಗೂ ಏರಬಹುದು. 2019ರ ಫೆಬ್ರುವರಿಯಲ್ಲಿ ಪಕ್ಕದ ಬಂಡೀಪುರದಲ್ಲಿ ಸಾವಿರಾರು ಎಕರೆ ಸುಟ್ಟುಹೋದದ್ದನ್ನು ನಾವೆಲ್ಲ ನೋಡಿದ್ದೇವೆ. ಎಲ್ಲಿ, ಯಾವ ತಿಂಗಳಲ್ಲಿ, ಎಷ್ಟು ವರ್ಷಕ್ಕೊಮ್ಮೆ ಬೆಂಕಿ ಹಾಕಿದರೆ ಯಾವ ಸಸಿ ಉಳಿಯುತ್ತದೆ, ಯಾವುದು ಸಾಯುತ್ತದೆ? ಕೆಲವು ತಾಕುಗಳಲ್ಲಿ ಬೆಂಕಿ ಹಾಕಿ, ಕೆಲವನ್ನು ಹಾಗೆಯೇ ಬಿಟ್ಟು, ವರ್ಷ ವರ್ಷ ಎಣಿಸಿ ನೋಡಿದರಷ್ಟೇ ಇದಕ್ಕೆ ಉತ್ತರ ಸಿಗುತ್ತದೆ. ಮೂರು ವರ್ಷದ ಯೋಜನೆಗಳಿಂದ ಇದು ಸಾಧ್ಯವಿಲ್ಲ. ಅನುದಾನ ಮುಗಿದ ಕೂಡಲೇ ಕ್ಷೇತ್ರ ಸಹಾಯಕರು ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ, ಮರಗಳಿಗೆ ಹೊಡೆದ ಅಂಕಿಯ ಬಿಲ್ಲೆಗಳು ತುಕ್ಕು ಹಿಡಿಯುತ್ತವೆ. ತಮಿಳುನಾಡಿನ ಮುದುಮಲೈ ಕಾಡಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಗುರುತಿಸಿದ 50 ಹೆಕ್ಟೇರ್ ತಾಕಿನಲ್ಲಿ ದಶಕಗಳ ಕಾಲ ಮರಗಳನ್ನು ಎಣಿಸುತ್ತಾ ಬಂದದ್ದರಿಂದಲೇ ಬರಗಾಲ, ಬೆಂಕಿ, ಆನೆಗಳ ಪರಿಣಾಮದ ಬಗ್ಗೆ ಇಂದು ಗಟ್ಟಿಯಾಗಿ ಮಾತನಾಡಲು ಸಾಧ್ಯವಾಗಿದೆ. ಅಂಥ ತಾಕುಗಳು ನಮ್ಮಲ್ಲಿ ಎಷ್ಟಿವೆ ಹೇಳಿ!

ಅಮೆರಿಕದ ವಾಷಿಂಗ್ಟನ್ ರಾಜ್ಯದವರು ಬೇರೆ ದಾರಿ ಹಿಡಿದರು. 1999ರಲ್ಲಿ ಮೀನು ಮತ್ತು ನೀರನ್ನು ಕಾಪಾಡಲು ಮರ ಕಡಿಯುವ ನಿಯಮಗಳನ್ನು ಬದಲಿಸಲು ಹೊರಟಾಗ, ಆ ನಿಯಮಗಳನ್ನು ಪರೀಕ್ಷಿಸುವ ಸಂಶೋಧನಾ ವ್ಯವಸ್ಥೆಯನ್ನೂ ಅವುಗಳ ಜೊತೆಗೇ ಕಟ್ಟಿದರು. ಮೀನಿಲ್ಲದ ಸಣ್ಣ ತೊರೆಗಳ ಪಕ್ಕದಲ್ಲಿ ಮರ ಕಡಿಯುವ ಮೊದಲೂ ಕಡಿದ ಮೇಲೂ ನೀರಿನ ಉಷ್ಣಾಂಶವನ್ನು ವರ್ಷಗಟ್ಟಲೆ ಅಳೆದರು. ನಿಯಮ ಪಾಲಿಸಿ ದಡದ ಮರಗಳನ್ನು ಬಿಟ್ಟಿದ್ದ ಕಡೆಯೂ ನೀರು ಬಿಸಿಯಾಗಿದ್ದು ಕಂಡುಬಂತು. ಅದರ ಮೇಲೆ ಅಲ್ಲಿ ಕಂಪನಿಗಳು, ಬುಡಕಟ್ಟುಗಳು, ಸರ್ಕಾರ ವರ್ಷಗಟ್ಟಲೆ ಜಗಳವಾಡಿದ್ದು ನಿಜ. ಆದರೂ ಆ ಜಗಳಕ್ಕೆ ಎಲ್ಲರ ಮುಂದೆ ಇಡಬಹುದಾದ ಅಳತೆಗಳಿದ್ದವು. ನಮ್ಮಲ್ಲಿ ಅರಣ್ಯ ಇಲಾಖೆ ಒಂದು ಹೇಳುತ್ತದೆ, ಪರಿಸರ ಸಂಘಟನೆಗಳು ಇನ್ನೊಂದು, ಸೋಲಿಗರು ಮತ್ತೊಂದು; ಕೊನೆಗೆ ಯಾರ ದನಿ ದೊಡ್ಡದೋ ಅವರ ಮಾತು ನಡೆಯುತ್ತದೆ.

ಹಣವೇ ಇಲ್ಲ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ. ಅರಣ್ಯ ಭೂಮಿಯನ್ನು ಗಣಿಗೆ, ರಸ್ತೆಗೆ, ಅಣೆಕಟ್ಟಿಗೆ ಕೊಟ್ಟಾಗ ಸಂಗ್ರಹವಾದ ಪರಿಹಾರದ ಹಣ ವರ್ಷಗಟ್ಟಲೆ ಬಿದ್ದಿತ್ತು. 2016ರ ಪರಿಹಾರಾತ್ಮಕ ಅರಣ್ಯೀಕರಣ ನಿಧಿ ಕಾಯ್ದೆಯ ನಂತರ, 2019ರಲ್ಲಿ ಕೇಂದ್ರವು ರಾಜ್ಯಗಳಿಗೆ 47,000 ಕೋಟಿ ರೂಪಾಯಿಗೂ ಹೆಚ್ಚು ವರ್ಗಾಯಿಸಿತು. ಕರ್ನಾಟಕಕ್ಕೂ ಪಾಲು ಬಂತು. ಕಳೆದುಕೊಂಡ ಕಾಡಿನ ಬೆಲೆ ಅದು. ಅದರಲ್ಲಿ ನೂರಕ್ಕೆ ಮೂರು ರೂಪಾಯಿಯನ್ನು ನಿಯಮಗಳ ಪರಿಣಾಮ ಅಳೆಯಲು ಮೀಸಲಿಡಿ ಎಂದು ಕೇಳುವುದು ದುಬಾರಿ ಬೇಡಿಕೆಯೇನಲ್ಲ.

ಆದರೆ ಅಳೆಯುವ ಕೆಲಸ ನಿಯಮ ಜಾರಿ ಮಾಡುವ ಇಲಾಖೆಯ ಕೈಯಲ್ಲೇ ಇರಬಾರದು. ವಿಶ್ವವಿದ್ಯಾಲಯಗಳು, ಸ್ವತಂತ್ರ ಸಂಸ್ಥೆಗಳು ಮುಂದೆ ಬರಬೇಕು. ಕನಿಷ್ಠ ಹದಿನೈದು ವರ್ಷಗಳ ಹಣವನ್ನು ಮೊದಲೇ ಖಾತ್ರಿಪಡಿಸಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ; ಅಲ್ಲಿ ಏನನ್ನು ಅಳೆಯಬೇಕು ಎಂದು ತೀರ್ಮಾನಿಸುವಾಗ ಅವರು ಮೊದಲ ಸಾಲಿನಲ್ಲಿರಬೇಕು, ಕೂಲಿಯವರಾಗಿ ಅಲ್ಲ, ಸಂಬಳ ಪಡೆಯುವ ಸಂಶೋಧಕರಾಗಿ. ಫಲಿತಾಂಶ ಬಂದಾಗ, ಅದು ಇಲಾಖೆಗೆ ಹಿತವಾಗಿರಲಿ ಬಿಡಲಿ, ಪೋಡುಗಳ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬೇಕು. ಮುಂದಿನ ಬಜೆಟ್ ಚರ್ಚೆಯಲ್ಲಿ ಚಾಮರಾಜನಗರದ ಶಾಸಕರು ಇಷ್ಟನ್ನಾದರೂ ಕೇಳಲಿ.